ಕೆರೆಯೊಳಗಿನ ಬಂಗಲೆ

ಕೆರೆ ಬತ್ತಿ ಬೆಳೆ ಒಣಗುವುದು ಯಾವ ಊರಿನಲ್ಲಾದರೂ ಉಂಟು. ಕೆರೆ ಕೋಡಿಯವರೆಗೆ ತುಂಬಿ ನಿಂತು, ಅದರ ಕೆಳಗೇ ಬೆಳೆ ಒಣಗುವ ಸೊಗಸು ನೋಡಬೇಕಿದ್ದರೆ ಆ ವರ್ಷದ ಕಾರ್ತಿಕದಲ್ಲಿ ಕೊಂಡಸಂದ್ರಕ್ಕೆ ಬರಬೇಕಿತ್ತು. ಶ್ರೀನಿವಾಸಪುರದಿಂದ ಗೌನಿಪಲ್ಲಿ ಕಡೆಗೆ ಹೋದರೆ ಸಿಗುವ ಊರು. ಏರಿಯ ಈಚೆ ನೀರು ಬಾಯಿತನಕ. ಏರಿಯ ಆಚೆ ಗದ್ದೆಯ ಮಣ್ಣು ಬಿರಿದು, ನಡೆದರೆ ಹಿಮ್ಮಡಿ ಬಿರುಕಿನೊಳಗೆ ಇಳಿಯುತ್ತಿತ್ತು. ಭತ್ತ ಹೊಡೆಯಾಗುವ ಸಮಯ, ಅಂದರೆ ತೆನೆ ಇನ್ನೂ ಗರಿಯ ಹೊಟ್ಟೆಯೊಳಗೇ ಇರುವ ಕಾಲ. ಬಸುರಿಯನ್ನು ಉಪವಾಸ ಕೆಡವಿದ ಹಾಗೆ ಬಯಲನ್ನು ಕೆಡವಿದ್ದರು.

“ಏನ್ಲಾ ಆವಲಪ್ಪ, ನೀನು ನೀರುಗಂಟೀನಾ, ಇಲ್ಲಾ ಬಂಗ್ಲೆ ಕಾಯೋ ನಾಯೀನಾ?” ಎಂದಳು ವೆಂಕಟರತ್ನಮ್ಮ. ಗಂಡ ಸತ್ತ ಮೇಲೆ ಎರಡು ತುಂಡು ಗದ್ದೆಯನ್ನು ಒಬ್ಬಳೇ ಮಾಡಿಸುತ್ತಿದ್ದ ಒಕ್ಕಲಿಗರ ಹೆಂಗಸು ಅವಳು. ಅವಳ ಬಾಯಿಯ ರುಚಿ ಊರಿಗೆಲ್ಲ ಗೊತ್ತಿತ್ತು.

“ನಾನೇನ್ ಮಾಡ್ಲವ್ವಾ? ತೂಬು ತೆಗೀಬ್ಯಾಡ ಅಂತ ಸಾಹುಕಾರ್ರು ಅಂದವ್ರೆ.”

“ಕೆರೆ ಅವ್ನ ಅಪ್ಪಂದಾ?”

“ಕೆರೆ ಅಲ್ಲವ್ವಾ. ಕೆರೆ ಒಳಗೆ ತಲೆಕೆಳಗಾಗಿ ಒಂದು ಬಂಗ್ಲೆ ಕಾಣ್ತದಲ್ಲ, ಅದು ಅವರ್ದು.”

ಆವಲಪ್ಪ ತಮಾಷೆಗೆ ಹೇಳಿದ್ದಲ್ಲ. ತಮಾಷೆ ಮಾಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪ್ರತಿ ಗದ್ದೆಯಿಂದ ಕೊಯ್ಲಿನ ಹೊತ್ತಿಗೆ ಸಿಗುವ ಒಂದು ಕಂತೆ ಭತ್ತವೇ ನೀರುಗಂಟಿಯ ಕೂಲಿ. ಬಯಲು ಒಣಗಿದರೆ ಊರಿಗಿಂತ ಮೊದಲು ಒಣಗುವುದು ಅವನ ಮಡಕೆ.

ಅವನ ಅಪ್ಪ, ತಾತ ಎಲ್ಲ ಇದೇ ಕೆಲಸ ಮಾಡಿದವರು. ಕೆರೆಯೊಳಗೆ ಎರಡು ಕಲ್ಲುಕಂಬದ ನಡುವೆ ಮುಳುಗಿ ತಳದ ತೂಬಿನ ಮರದ ಬಿರಡೆ ಎಳೆದರೆ, ನೀರು ಏರಿಯ ಕೆಳಗಿನಿಂದ ಕಾಲುವೆಗೆ ನುಗ್ಗುತ್ತದೆ. ಕೇರಿಯವನಾದ ಅವನನ್ನು ಊರಿನವರು ಮುಟ್ಟುವುದಿಲ್ಲ. ಅವನು ಮುಳುಗಿ ಬಿಟ್ಟ ನೀರನ್ನು ಮಾತ್ರ ಮಡಿಯಲ್ಲೇ ಕುಡಿಯುತ್ತಾರೆ. ಶಾಸ್ತ್ರಕ್ಕೂ ಬಾಯಾರಿಕೆ ಇರುತ್ತದಲ್ಲ!

ಆ ಕೆಲಸಕ್ಕೆ ಒಂದು ಕಟ್ಟಳೆಯಿತ್ತು. ನೀರುಗಂಟಿ ಮುಳುಗಿದ ಮೇಲೆ ಅವನ ತಲೆ ಮತ್ತೆ ನೀರಿನಿಂದ ಮೇಲೆ ಬರುವತನಕ ಏರಿಯ ಮೇಲಿದ್ದವರು ಯಾರೂ ಕದಲಬಾರದು. ರೆಡ್ಡಿಯಾಗಲಿ, ಬ್ರಾಹ್ಮಣನಾಗಲಿ, ಇದ್ದಲ್ಲೇ ಕಲ್ಲಾಗಬೇಕು. ಕದಲಿದರೆ ಗಂಗಮ್ಮ ಒಳಗಿದ್ದವನನ್ನು ಅಲ್ಲೇ ಇಟ್ಟುಕೊಳ್ಳುತ್ತಾಳೆ. ಮೂಗಿನ ಮೇಲೆ ನೊಣ ಕೂತರೂ ಓಡಿಸುವಂತಿಲ್ಲ. ಕೇರಿಯವನೊಬ್ಬನಿಗಾಗಿ ಊರು ಉಸಿರು ಬಿಗಿಹಿಡಿಯುವುದು ಆ ಗಳಿಗೆಯಲ್ಲಿ ಮಾತ್ರ. ತಲೆ ಮೇಲೆ ಬಂದ ತಕ್ಷಣ “ದೂರ ಸರಿಯೋ” ಎನ್ನುವುದು ಮಾಮೂಲು.

ಇನ್ನು ಬಂಗಲೆಯ ವಿಷಯ. ಸಾಹುಕಾರ ಕೋದಂಡರಾಮಪ್ಪ ಚಿನ್ನದ ಗಣಿಗಳಿಗೆ ಮರ ಒದಗಿಸಿ ದುಡ್ಡು ಮಾಡಿದವರು. ಬೆಟ್ಟ ಬೋಳಾಯಿತು, ಸಾಹುಕಾರರು ಬೊಜ್ಜಾದರು. ಒಮ್ಮೆ ಬೊಂಬಾಯಿಗೆ ಹೋಗಿ ಬಂದರು. ಅಲ್ಲಿ ಸಮುದ್ರದ ದಂಡೆಯಲ್ಲಿ ಸಿಮೆಂಟಿನ ಹೊಸ ನಮೂನೆಯ ಮನೆಗಳನ್ನು ನೋಡಿದರು. ಸಮುದ್ರವನ್ನು ಹೊತ್ತು ತರುವುದಕ್ಕೆ ಆಗಲಿಲ್ಲ. ಕೊಂಡಸಂದ್ರದ ಕೆರೆ ಇದ್ದೇ ಇತ್ತು. ಏರಿಯು ಬೆಟ್ಟಕ್ಕೆ ತಗಲುವ ಮೂಲೆಯಲ್ಲಿ, ಮಾದಿಗರ ಕೇರಿಯ ಪಕ್ಕದಲ್ಲೇ, ನೀರಿನ ಅಂಚಿಗೆ ಬಂಗಲೆ ಎದ್ದಿತು.

ಅದರ ಮುಂಭಾಗ ಹಡಗಿನ ಮೂತಿಯಂತೆ ದುಂಡಗೆ. ಕಿಟಕಿಗಳು ಮೂಲೆಯಲ್ಲಿ. ಮಾಳಿಗೆ ಚಪ್ಪಟೆ. ಮೇಲೆ ಕಬ್ಬಿಣದ ಕೊಳವೆಯ ಕಟಾಂಜನವಿದ್ದ ಒಂದು ಮೊಗಸಾಲೆ. ಜಗಲಿಯಿಲ್ಲ, ತುಳಸಿಕಟ್ಟೆಯಿಲ್ಲ. ಹಡಗನ್ನು ಕಂಡಿರದ ಊರು ಅದಕ್ಕೆ ‘ಬಿಸ್ಕತ್ತು ಡಬ್ಬ’ ಎಂದು ಹೆಸರಿಟ್ಟಿತು. ಮರಳು ಹೊತ್ತವರು ಕೇರಿಯ ಹೆಂಗಸರು. ಆವಲಪ್ಪನ ಹೆಂಡತಿ ಪಾಪಕ್ಕನ ನೆತ್ತಿಯ ಕೂದಲು ಆ ಬಂಗಲೆಗೇ ಸವೆದದ್ದು. ಗೃಹಪ್ರವೇಶವಾದ ಮೇಲೆ ಅವಳು ಅದರ ಮೆಟ್ಟಿಲು ತುಳಿಯುವಂತಿರಲಿಲ್ಲ.

ಹೋಗಲಿ, ಅಲ್ಲಿ ಯಾರಾದರೂ ವಾಸವಿದ್ದರೋ? ಅದೂ ಇಲ್ಲ. ಸಾಹುಕಾರರ ಹೆಂಡತಿ ಶ್ಯಾಮಲಮ್ಮ ಒಂದೇ ಒಂದು ದಿನ ಅಡಿಗೆ ಮಾಡಿ ನೋಡಿದರು. ಹೊಗೆ ಹೋಗುವುದಕ್ಕೆ ದಾರಿಯಿಲ್ಲ.

“ಈ ಡಬ್ಬದೊಳಗೆ ನಾನು ಹಪ್ಪಳ ಆಗೋಗ್ತೀನಿ ಕಣ್ರೀ,” ಎಂದು ಊರೊಳಗಿನ ಹಳೆಯ ಹೆಂಚಿನ ಮನೆಗೆ ಮರಳಿದರು. ಮಧ್ಯಾಹ್ನದ ಬಿಸಿಲಿಗೆ ಸಾಹುಕಾರರೂ ಅಲ್ಲಿಗೇ ಹೋಗುತ್ತಿದ್ದರು. ನವಯುಗದ ಮನೆಯಲ್ಲಿ ಸಂಸಾರ ಹೂಡಿದ್ದು ಒಂದು ಜೋಡಿ ಪಾರಿವಾಳ.

ಹೀಗಿರುವಾಗ ಬೆಂಗಳೂರಿನ ಒಂದು ಇಂಗ್ಲಿಷ್ ಪತ್ರಿಕೆಯವರು ‘ನವಯುಗದ ಮನೆ’ಗಳ ಚಿತ್ರ ಯಾರಾದರೂ ಕಳಿಸಿಕೊಟ್ಟು, ಅದು ಚೆನ್ನಾಗಿದ್ದರೆ ಅಚ್ಚು ಹಾಕುತ್ತೇವೆ ಎಂದರು. ಸಾಹುಕಾರರಿಗೆ ನಿದ್ದೆ ಹಾರಿಹೋಯಿತು. ಕೋಲಾರದ ಫೋಟೋದಂಗಡಿಯ ಅಜ್ಮತುಲ್ಲಾನಿಗೆ ಹೇಳಿಕಳಿಸಿದರು. ಅವನು ಮೂರು ಕಾಲಿನ ಸ್ಟ್ಯಾಂಡು, ಮರದ ಕ್ಯಾಮರಾ ಪೆಟ್ಟಿಗೆ, ಕಪ್ಪು ಬಟ್ಟೆ ಎಲ್ಲವನ್ನೂ ಬಸ್ಸಿನ ತಲೆಯ ಮೇಲೆ ಹೇರಿಕೊಂಡು ಬಂದಿಳಿದ.

“ಮನೆ ಬೇಕು, ಹಿಂದೆ ಬೆಟ್ಟ ಬೇಕು, ಮುಂದೆ ಕೆರೆ ಬೇಕು. ಕೆರೆ ಒಳಗೆ ಮತ್ತೆ ಮನೆ, ಮತ್ತೆ ಬೆಟ್ಟ ಬೇಕು,” ಎಂದರು ಸಾಹುಕಾರರು.

“ಒಂದೇ ಪ್ಲೇಟಿಗೆ ಎರಡು ಬಂಗ್ಲೆ ಕೇಳ್ತೀರಲ್ಲಾ ಸಾಹೇಬ್,” ಎಂದ ಅಜ್ಮತುಲ್ಲಾ.

“ಮನುಷ್ಯರು ಮಾತ್ರ ಕಾಣಬಾರದು. ಮನುಷ್ಯರು ಕಂಡರೆ ಹಳ್ಳಿ ಅನ್ಸುತ್ತೆ.”

ಅವತ್ತಿನಿಂದ ಕೊಂಡಸಂದ್ರಕ್ಕೆ ಶನಿ ಹೆಗಲೇರಿತು. ನೀರು ಗೇಣು ಇಳಿದರೂ ದಡದ ಕೆಸರು ಹಲ್ಲು ಕಿರಿಯುತ್ತದೆ, ಬಂಗಲೆಯ ನೆರಳು ಬಂಗಲೆಯ ಪಾದ ಬಿಟ್ಟು ದೂರ ಹೋಗುತ್ತದೆ. ಆದ್ದರಿಂದ ತೂಬು ಬಂದ್. ಎಮ್ಮೆ ಇಳಿದರೆ ನೀರು ಅಲುಗುತ್ತದೆ. ಎಮ್ಮೆಗಳು ಬಂದ್. ಹೆಂಗಸರು ಕೊಡ ಅದ್ದಿದರೆ ಅಲೆ ಏಳುತ್ತದೆ. ಹೆಂಗಸರೂ ಬಂದ್. ಗಾಳಿಯನ್ನೊಂದು ಬಂದ್ ಮಾಡುವುದಕ್ಕೆ ಆಗಲಿಲ್ಲ. ಅದು ಸಾಹುಕಾರರ ಒಕ್ಕಲಲ್ಲ. ಒಂದು ದಿನ ಗಾಳಿ, ಇನ್ನೊಂದು ದಿನ ಮೋಡ. ಅಜ್ಮತುಲ್ಲಾ ಕಪ್ಪು ಬಟ್ಟೆಯೊಳಗೆ ತಲೆ ತೂರಿಸುವುದು, ಹೊರಗೆ ತೆಗೆದು ಇಲ್ಲವೆಂದು ಆಡಿಸುವುದು, ಇದೇ ಆಯಿತು.

ಆಮೇಲೆ ಕೇರಿ ಸಾಹುಕಾರರ ಕಣ್ಣಿಗೆ ಬಿತ್ತು. ಬಂಗಲೆಯ ಪಕ್ಕದಲ್ಲಿ ಆ ಗುಡಿಸಲುಗಳು ಚಿತ್ರಕ್ಕೆ ಬರುತ್ತಿದ್ದವು. ಕೇರಿ ಅಲ್ಲಿ ಸಾಹುಕಾರರ ತಾತನಿಗಿಂತ ಮುಂಚಿನಿಂದ ಇತ್ತು. ಆದರೆ ಚಿತ್ರಕ್ಕೆ ಅಡ್ಡ ಬಂದದ್ದು ಅದೇ ಅಂತೆ. ತೋಪಿನಿಂದ ಮಾವಿನ ಕೊಂಬೆ ಕಡಿದು ಗುಡಿಸಲುಗಳ ಮೇಲೆ ಹೊದಿಸಲು ಹುಕುಂ ಆಯಿತು. ದೂರದಿಂದ ನೋಡಿದರೆ ಉದ್ಯಾನವನದ ಹಾಗಿರಬೇಕು. ಕೇರಿಯವರು ತಮ್ಮ ಮನೆಗಳನ್ನು ತಾವೇ ಮುಚ್ಚಿಕೊಂಡರು. ಉದ್ಯಾನವನದೊಳಗಿನಿಂದ ಹೊಗೆ ಬರುವುದನ್ನು ಕಂಡು, ಬೆಳಿಗ್ಗೆ ಒಲೆ ಹಚ್ಚಬಾರದು ಎಂದಾಯಿತು. ಮಾರನೆಯ ದಿನ ನೋಡಿದರೆ ಉದ್ಯಾನವನವೇ ಇಲ್ಲ. ಕೇರಿಯ ಮೇಕೆಗಳು ಅದನ್ನು ಚಪ್ಪರಿಸಿಕೊಂಡು ತಿಂದು, ಸಾಹುಕಾರರ ಮೆಟ್ಟಿಲ ಮೇಲೆ ಹಿಕ್ಕೆ ಹಾಕಿ ಹೋಗಿದ್ದವು.

“ಮೇಕೆ ಕಟ್ಟಾಕ್ರೋ!” ಎಂದು ಸಾಹುಕಾರರು ಕೂಗಿದರು.

ಪಾಪಕ್ಕ ಹೊಸ ಕೊಂಬೆ ಹೊರುತ್ತ ಗಂಡನಿಗೆ ಹೇಳಿದಳು: “ಮಾವ, ನೋಡ್ಕೋ, ನಮ್ಮೂರಲ್ಲಿ ಇರೋದ್ರೊಳಗೆ ಬಂಡಾಟ ಕಲ್ತಿರೋವು ಮೇಕೆಗಳೇ.”

“ಸುಮ್ನಿರು, ಯಾರಾದ್ರೂ ಕೇಳ್ತಾರೆ.”

“ಕೇಳ್ಲಿ. ನೀನು ಹೋಗಿ ನೀರು ಕೇಳು ಮೊದ್ಲು.”

ಆವಲಪ್ಪ ಊರಿನ ನಾಲ್ಕು ಜನರೊಂದಿಗೆ ಮೊದಲು ಶಾನುಭೋಗ ರಾಮಚಂದ್ರಯ್ಯನವರ ಜಗಲಿಗೆ ಹೋದ. ಉಳಿದವರು ಜಗಲಿಯ ಮೇಲೆ, ಅವನು ಅಂಗಳದಲ್ಲಿ. ಶಾನುಭೋಗರು ವಿಷಯವೆಲ್ಲ ಕೇಳಿ ಎಲೆಗೆ ಸುಣ್ಣ ಹಚ್ಚಿದರು.

“ನೋಡ್ರಪ್ಪಾ, ಕೆರೆ ಸರ್ಕಾರದ್ದು. ನೀರು ಸರ್ಕಾರದ್ದು. ಆದ್ರೆ ನೀರಿನ ಮೇಲೆ ಬಿದ್ದಿರೋ ನೆರಳು ಬಂಗಲೇದು. ಬಂಗಲೆ ಸಾಹುಕಾರರದು. ನೀರು ಬಿಟ್ರೆ ಅವರ ಸ್ವತ್ತಿಗೆ ನಷ್ಟ ಆಗುತ್ತಲ್ಲ. ಇದಕ್ಕೆ ಕಾಯಿದೆ ಏನು ಹೇಳುತ್ತೋ ನೋಡ್ಬೇಕು.”

ನೋಡುವುದಕ್ಕೆ ಅವರು ಕನ್ನಡಕವನ್ನೇ ಹಾಕಿಕೊಳ್ಳಲಿಲ್ಲ. ಬಂಗಲೆಯ ಹಿತ್ತಲಿನ ಬಾಳೆಗೊನೆ ಅವರ ಪಕ್ಕದಲ್ಲೇ ಒರಗಿಕೊಂಡಿತ್ತು.

ಕೊನೆಗೆ ಆವಲಪ್ಪ ಒಬ್ಬನೇ ಸಾಹುಕಾರರ ಮುಂದೆ ನಿಂತ. ತಲೆಯ ರುಮಾಲು ಕಂಕುಳಲ್ಲಿತ್ತು.

“ಸಾಮೀ, ಭತ್ತ ಹೊಡೆ ಆಗ್ತಾ ಐತೆ. ಈಗ ನೀರು ಕಾಣ್ದಿದ್ರೆ ಬರೀ ಜೊಳ್ಳು ಸಾಮೀ.”

“ಭತ್ತಕ್ಕೆ ಅಷ್ಟೇನೋ ಅವಸರ? ನಾಲ್ಕು ದಿನ ತಡ್ಕೊಳ್ಳೋಕಾಗಲ್ವಾ ಅದಕ್ಕೆ?”

“ನಾನು ತಡ್ಕೊಂತೀನಿ ಸಾಮೀ. ಭತ್ತಕ್ಕೆ ನಿಮ್ಮ ಭಯ ಇಲ್ಲ.”

ಪುಣ್ಯಕ್ಕೆ ಸಾಹುಕಾರರು ಅದನ್ನು ಹೊಗಳಿಕೆ ಎಂದುಕೊಂಡರು. ನಕ್ಕು, “ಫೋಟೋ ಆಗ್ಲಿ. ಆದ ತಕ್ಷಣ ಮುಳುಗು. ಕೋದಂಡರಾಮಪ್ಪನ ಮಾತು ಅಂದ್ರೆ ಮಾತು,” ಎಂದರು.

ಮೂರು ಸಲ ಮೋಡ ಕವಿದ ಮೇಲೆ ಒಂದು ಬೆಳಿಗ್ಗೆ ಕೆರೆ ತಟ್ಟೆಯ ಎಣ್ಣೆಯಂತೆ ನಿಂತಿತು. ಅಜ್ಮತುಲ್ಲಾ ಕೆರೆಯ ಆಚೆ ದಡದ ಹಾಸುಬಂಡೆಯ ಮೇಲಿಂದ ಫೋಟೋ ತೆಗೆದ. ಆವಲಪ್ಪ ರುಮಾಲು ಬಿಚ್ಚಿ ಸೊಂಟಕ್ಕೆ ಬಿಗಿದು ನೀರಿಗೆ ಕಾಲಿಟ್ಟೇ ಬಿಟ್ಟಿದ್ದ.

“ಏಯ್, ನಿಲ್ಲೋ! ಫೋಟೋ ಆದ ತಕ್ಷಣ ಅಂದಿದ್ದು ನಿಜ. ಕಾಗದದ ಮೇಲೆ ಬಂದ್ರೆ ತಾನೇ ಅದು ಫೋಟೋ? ಈಗ ಆಗಿರೋದು ಬರೀ ಗಾಜು,” ಎಂದರು ಸಾಹುಕಾರರು.

ಮಾತು ಅಂದರೆ ಮಾತು. ಹೇಗೆ ಬೇಕಾದರೂ ತಿರುಗುವ ಮಾತು.

ಗಾಜು ಬಸ್ಸು ಹತ್ತಿ ಕೋಲಾರಕ್ಕೆ ಹೋಯಿತು. ಕಾಗದವಾಗಿ ತಿರುಗಿ ಬರುವ ಹೊತ್ತಿಗೆ ಬಯಲಿನ ಕೊನೆಯ ಗದ್ದೆಗಳು ಹಳದಿಗೆ ತಿರುಗಿದ್ದವು. ಸಾಹುಕಾರರು ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದರು. ಮನೆ ಇತ್ತು, ಬೆಟ್ಟ ಇತ್ತು. ನೀರೊಳಗೆ ಮತ್ತೆ ಮನೆ, ಮತ್ತೆ ಬೆಟ್ಟ. ಮುಖ ಅರಳುತ್ತ ಬಂತು. ಅರಳಿದ್ದು ಏರಿಯ ಹತ್ತಿರ ಬಂದು ಮುದುರಿತು.

“ಯಾರು ಇವಳು?”

ಏರಿಯ ಮೇಲೆ, ತೂಬಿನ ಕಂಬದ ನೇರಕ್ಕೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಉಗುರಿನಷ್ಟೇ ಇದ್ದಳು. ಆದರೆ ಕೈಯ ಬಳೆ ಸಹ ಕಾಣುತ್ತಿತ್ತು. ಪಾಪಕ್ಕ! ಗದ್ದೆ ನೋಡುತ್ತ ಮೈಮರೆತು ನಿಂತಿದ್ದವಳು.

“ದರಿದ್ರ ಮುಂಡೇದು! ನನ್ನ ಬಂಗಲೆ ಇವಳಪ್ಪನ ಮನೆ ಅನ್ನೋ ಹಾಗೆ ನಿಂತವ್ಳೆ!” ಸಾಹುಕಾರರು ಅಜ್ಮತುಲ್ಲಾನ ಕಡೆ ತಿರುಗಿದರು. “ಇನ್ನೊಂದು ತೆಗಿ. ಈ ಸಲ ಮನುಷ್ಯ ಇರಲೇಬೇಕು ಅಂದ್ರೆ ನಾನಿರ್ತೀನಿ. ಕೋಟು, ಹ್ಯಾಟು ಹಾಕ್ಕೊಂಡು ಮೊಗಸಾಲೇಲಿ ನಿಲ್ತೀನಿ. ನಾನು ಕೂಗೋದಕ್ಕೆಲ್ಲ ಕಾಯಬ್ಯಾಡ. ಬಿಸಿಲು ಗೋಡೆಗೆ ಬಿದ್ದ ಕೂಡಲೆ ತೆಗಿ.”

“ತೂಬು ಸಾಮೀ?” ಎಂದ ಆವಲಪ್ಪ.

“ನಿನ್ನ ಹೆಂಡ್ತಿ ಕೆಡಿಸಿದ ಕೆಲಸ. ಅವಳನ್ನೇ ಕೇಳ್ಕೋ ಹೋಗು.”

ಕ್ಯಾಮರಾ ಪೆಟ್ಟಿಗೆ ಹೊತ್ತು ಹಾಸುಬಂಡೆಗೆ ಹೋಗುವ ಬಿಟ್ಟಿ ಕೆಲಸವೂ ಆವಲಪ್ಪನದೇ. ಅಂದು ಅಜ್ಮತುಲ್ಲಾ ಬಂಡೆಯ ಮೇಲೆ ಕೂತು ಬೀಡಿ ಹಚ್ಚಿ, ಇನ್ನೊಂದನ್ನು ಅವನ ಕೈಗೇ ಇಟ್ಟ. ಕೈಗೇ ಇಟ್ಟದ್ದರಿಂದ ಆವಲಪ್ಪ ಸ್ವಲ್ಪ ಹೊತ್ತು ಅದನ್ನು ಹಚ್ಚದೆ ನೋಡುತ್ತ ಕೂತ.

“ನಿನ್ನ ಬೀವಿ ಚೆನ್ನಾಗಿ ಬಂದವ್ರೆ,” ಎಂದು ಅಜ್ಮತುಲ್ಲಾ ಚಿತ್ರದ ಇನ್ನೊಂದು ಪ್ರತಿ ತೋರಿಸಿದ.

“ಅಲ್ಲ ಸಾಬ್ರೇ, ಅವತ್ತು ಏರಿ ಮೇಲೆ ಎಮ್ಮೆ ಹೋಯ್ತು. ಎಮ್ಮೆ ಓಡ್ಸೋಕೆ ಸಾಹುಕಾರರ ಆಳು ಓಡಾಡ್ತಿದ್ದ. ಅವ್ರ್ಯಾರೂ ಇಲ್ಲ. ಇವಳೊಬ್ಳೇ ಹೆಂಗೆ ಸಿಕ್ಕಾಕ್ಕೊಂಡ್ಳು?”

“ಬೆಳಗಿನ ಬೆಳಕು ಕಮ್ಮಿ ಭಾಯ್. ಮುಚ್ಚಳ ತೆಗೆದು ಒಂದು ಕಲ್ಮಾ ಹೇಳೋಷ್ಟು ಹೊತ್ತು ಬಿಡ್ತೀನಿ. ಅಷ್ಟರೊಳಗೆ ಅಲ್ಲಾಡಿದೋರು ಪ್ಲೇಟಿಗೆ ಹಿಡಿಯಲ್ಲ, ಹೊಗೆ ಹಂಗೆ ಹೋಗ್ಬಿಡ್ತಾರೆ. ಅಲ್ಲಾಡದೆ ನಿಂತೋರು ಉಳ್ಕೊಂತಾರೆ. ಎಮ್ಮೆ ಆದ್ರೂ ಅಷ್ಟೇ, ನವಾಬ ಆದ್ರೂ ಅಷ್ಟೇ.”

ಆವಲಪ್ಪ ಬೀಡಿ ಹಚ್ಚಿದ. ಚಿತ್ರವನ್ನು ಕೇಳಿ ಇಸಿದುಕೊಂಡು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡ.

ಸಂಜೆ ಕೇರಿಯ ಹುಣಸೆಮರದ ಕೆಳಗೆ ಅದು ಕೈಯಿಂದ ಕೈಗೆ ಹೋಯಿತು. ಪಾಪಕ್ಕ ತನ್ನನ್ನು ತಾನು ಮೊದಲ ಸಲ ನೋಡಿದಳು. “ಅಬ್ಬೋ, ನಾನೇನಾ? ಬಂಗ್ಲೆ ಯಜಮಾನಿ ಹಂಗಿದೀನಲ್ಲ!” ಎಂದು ಗಲ್ಲ ಮುಟ್ಟಿಕೊಂಡಳು. ಕೇರಿ ನಕ್ಕಿತು. ಬಹಳ ದಿನಗಳ ಮೇಲೆ ನಕ್ಕಿತು.

ನಗುವಿನ ನಡುವೆ ವೆಂಕಟರತ್ನಮ್ಮ ಬಂದಳು. ಅವಳ ಹಿಂದೆ ಊರಿನ ಏಳೆಂಟು ಜನ. ಕೇರಿಯೊಳಗೆ ಕಾಲಿಡದ ಮಂದಿ, ಮರದ ನೆರಳಿನ ಅಂಚಿಗೆ ನಿಂತರು. ವೆಂಕಟರತ್ನಮ್ಮನ ಕೈಯಲ್ಲಿ ಒಂದು ಹಿಡಿ ಭತ್ತದ ಪೈರು. ಗರಿ ಹುರಿಯಾಗಿ ಸುತ್ತಿಕೊಂಡಿತ್ತು.

“ಹೊಟ್ಟೆಗೆ ಹಿಟ್ಟಿಲ್ದೇ ಇದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ,” ಎಂದಳು. “ಗಾದೇಲಿ ಹೊಟ್ಟೆ, ಜುಟ್ಟು ಎರಡೂ ಒಬ್ಬನದೇ ಕಣ್ರೋ. ಇಲ್ಲಿ ಜುಟ್ಟು ಅವನ್ದು, ಹೊಟ್ಟೆ ನಮ್ದು. ಆವಲಪ್ಪ, ಈಗ ಏನು ಮಾಡ್ತೀಯ ಹೇಳು.”

“ಒಬ್ನೇ ಹೋದ್ರೆ ನನ್ನ ಕಾಲು ಮುರೀತಾರವ್ವಾ.”

“ಒಬ್ನೇ ಯಾಕೆ ಹೋಗ್ತೀಯ ಮಾವ?” ಎಂದಳು ಪಾಪಕ್ಕ. ಊರಿನವರ ಕಡೆ ತಿರುಗಿದಳು. “ಇವ್ನು ಮುಳುಗ್ದಾಗೆಲ್ಲ ನೀವು ಏರಿ ಮೇಲೆ ನಿಲ್ತಿರಲಿಲ್ವಾ? ಹಂಗೇ ಬಂದು ನಿಲ್ರಿ. ಹೊಡ್ದಾಟ ಬ್ಯಾಡ, ಬೈದಾಟ ಬ್ಯಾಡ. ನಿಂತ್ಕೊಳ್ಳೋಕೂ ಧೈರ್ಯ ಇಲ್ಲ ಅಂದ್ರೆ ಹೇಳ್ರಿ, ನಮ್ಮ ಮೇಕೆಗಳನ್ನೇ ಹೊಡ್ಕೊಂಡು ಹೋಗ್ತೀನಿ.”

ವೆಂಕಟರತ್ನಮ್ಮ ಪೈರನ್ನು ಸೆರಗಿಗೆ ಕಟ್ಟಿಕೊಂಡು, ಮರದ ನೆರಳೊಳಗೆ ಬಂದು, ಪಾಪಕ್ಕನ ಪಕ್ಕದ ಕಲ್ಲಿನ ಮೇಲೆ ಕೂತಳು. ಮೇಕೆ ಒಂದು ಬಂದು ಅವಳ ಸೆರಗು ಮೂಸಿತು. ಉಳಿದವರೂ ಒಬ್ಬೊಬ್ಬರಾಗಿ ಕೂತರು.

ಅಜ್ಮತುಲ್ಲಾ ಗೊತ್ತುಮಾಡಿದ್ದ ಬೆಳಿಗ್ಗೆ ಕೆರೆ ಮತ್ತೆ ನಿಶ್ಚಲವಾಗಿತ್ತು. ಸಾಹುಕಾರರು ಬೂದು ಬಣ್ಣದ ಸೂಟು ಹಾಕಿ, ಹ್ಯಾಟು ಇಟ್ಟು, ಬೆತ್ತ ಹಿಡಿದು ಮೊಗಸಾಲೆಯ ಕಟಾಂಜನಕ್ಕೆ ಒರಗಿ ನಿಂತರು. ಸಾಗರದ ನಡುವೆ ಹಡಗು ನಡೆಸುವವರ ಗತ್ತು. ಬೆಟ್ಟದ ತುದಿಯಲ್ಲಿ ಬಿಸಿಲು ಬಿತ್ತು. ಇನ್ನು ಗೋಡೆಗೆ ಇಳಿಯುವುದೊಂದೇ ಬಾಕಿ.

ಆಗ ಏರಿಯ ಊರಿನ ತುದಿಯಿಂದ ಜನ ಬಂದರು. ಕೂಗಿಲ್ಲ, ತಮಟೆಯಿಲ್ಲ. ಮುಂದೆ ವೆಂಕಟರತ್ನಮ್ಮ, ಅವಳ ಹಿಂದೆ ಊರು. ಈ ತುದಿಯಲ್ಲಿ ಮಾವಿನ ಕೊಂಬೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಉದ್ಯಾನವನದೊಳಗಿನಿಂದ ಕೇರಿ ಹೊರಬಂತು. ಎರಡೂ ಕಡೆಯವರು ತೂಬಿನ ನೇರಕ್ಕೆ ಬಂದು ಸಾಲಾಗಿ ನಿಂತರು. ಅವರ ನಡುವೆ ಎಂದೂ ಇರುತ್ತಿದ್ದ ಅಂತರ ಅಂದು ಯಾರಿಗೂ ನೆನಪಾಗಲಿಲ್ಲ. ಏರಿಯಲ್ಲಿ ಅಷ್ಟು ಜಾಗವೂ ಇರಲಿಲ್ಲ.

ಸಾಹುಕಾರರ ಬೆತ್ತ ಮೇಲೆದ್ದಿತು. “ಏಯ್! ಯಾರ್ರೋ ಅದು! ಇಳೀರೋ ಏರಿ ಬಿಟ್ಟು!”

ಆವಲಪ್ಪ ತಿರುಗಿ ನೋಡಲಿಲ್ಲ. ಗಂಗಮ್ಮನ ಕಲ್ಲಿಗೆ ನೀರು ಚಿಮುಕಿಸಿ ಕೈ ಮುಗಿದ. ಭಯವಿಲ್ಲದವನು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಕಂಬಗಳ ನಡುವೆ ಉಸಿರೆಳೆದುಕೊಂಡು ಮುಳುಗಿದ.

ಕೂಡಲೆ ಏರಿಯ ಮೇಲಿನವರೆಲ್ಲ ಕಲ್ಲಾದರು. ಕಂಕುಳಿನ ಕೂಸುಗಳೂ ಸುಮ್ಮನಾದವು.

ಸಾಹುಕಾರರು ಮಾತ್ರ ಕಲ್ಲಾಗಲಿಲ್ಲ. ಮೊಗಸಾಲೆಯಿಂದ ಇಳಿದು, ಹ್ಯಾಟು ಹಾರಿಹೋದರೂ ಬಿಟ್ಟು, ಏರಿಯ ಮೇಲೆ ಓಡಿಬಂದರು. “ಮುಟ್ಟಿದ್ರೆ ನೋಡು! ಪೊಲೀಸ್! ಪೊಲೀಸ್!” ಎಂದು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಿದರು. ಒಬ್ಬನ ಭುಜ ಹಿಡಿದು ಅಲ್ಲಾಡಿಸಲು ನೋಡಿದರು. ಅವನು ನೀರಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಒಳಗೊಬ್ಬ ಮನುಷ್ಯ ಇದ್ದಾನೆ, ಸಾಹುಕಾರ ಕೂಗಿದರೆಂದು ಅವನನ್ನು ಗಂಗಮ್ಮನಿಗೆ ಕೊಡುವುದುಂಟೇ?

ಬಿಸಿಲು ಗೋಡೆಗೆ ಬಿತ್ತು. ಆಚೆ ದಡದಲ್ಲಿ ಅಜ್ಮತುಲ್ಲಾ ಒಂದು ಗಳಿಗೆ ನೋಡಿದ. ಮುಚ್ಚಳ ತೆಗೆದ. ಕಲ್ಮಾ ಹೇಳಿದ. ಅಂದು ಸ್ವಲ್ಪ ನಿಧಾನವಾಗಿಯೇ ಹೇಳಿದ. ಮುಚ್ಚಳ ಹಾಕಿದ.

ಏರಿಯ ಕೆಳಗೆ ನೀರು ಗೊಳಗೊಳ ಎಂದಿತು. ಆವಲಪ್ಪನ ತಲೆ ಮೇಲೆ ಬಂತು. ಏರಿಯವರು ಉಸಿರು ಬಿಟ್ಟ ಸದ್ದು ನೀರಿನ ಸದ್ದಿನೊಂದಿಗೆ ಸೇರಿಹೋಯಿತು. ಅಂದು ‘ದೂರ ಸರಿಯೋ’ ಎನ್ನುವುದನ್ನು ಎಲ್ಲರೂ ಮರೆತರು.

ಅಂದಿನಿಂದ ಅವನು ಬೆಳಿಗ್ಗೆ ತೂಬು ತೆಗೆದು ಸಂಜೆ ಮುಚ್ಚುತ್ತ ಬಂದ. ಪೈರಿನ ಹುರಿ ಬಿಚ್ಚಿಕೊಂಡಿತು. ಕೊನೆಯ ಗದ್ದೆಗಳು ಹೋದವು, ಅವು ಉಳಿಯಲಿಲ್ಲ. ಕೆರೆಯೊಳಗಿನ ಬಂಗಲೆ ದಿನದಿನಕ್ಕೆ ಮೇಲಿನ ಬಂಗಲೆಯಿಂದ ದೂರವಾಯಿತು. ನಡುವೆ ಕೆಸರು.

ಅಜ್ಮತುಲ್ಲಾ ಚಿತ್ರ ತಂದುಕೊಟ್ಟಾಗ ಸಾಹುಕಾರರು ಅದರೊಳಗೆ ತಮ್ಮನ್ನು ಹುಡುಕಿದರು. ಭೂತಗನ್ನಡಿ ತರಿಸಿ ಹುಡುಕಿದರು. ಏರಿಯ ಮೇಲೆ ಊರಿಗೆ ಊರೇ ನಿಂತಿತ್ತು. ವೆಂಕಟರತ್ನಮ್ಮನ ಮೂಗುಬೊಟ್ಟು, ಪಾಪಕ್ಕನ ಬಳೆ, ಎಲ್ಲ ಸ್ಪಷ್ಟ. ಮೊಗಸಾಲೆ ಖಾಲಿ.

“ನಾನೆಲ್ಲಿ?”

“ಇದು ನೋಡಿ ಸಾಹೇಬ್.” ಅಜ್ಮತುಲ್ಲಾ ಜನರ ಮುಂದೆ ಉದ್ದಕ್ಕೂ ಬಿದ್ದಿದ್ದ ಒಂದು ಮಸುಕು ಗೀರನ್ನು ತೋರಿಸಿದ. “ಕ್ಯಾ ಕರ್ನಾ, ನೀವು ಓಡ್ತಾ ಇದ್ರಿ.”

ಶಾನುಭೋಗರು ಸಮಾಧಾನ ಹೇಳಿದರು. “ಚಿತ್ರ ಕೆಟ್ಟರೂ ಸಾಕ್ಷಿ ಒಳ್ಳೇದಾಯ್ತು ಬಿಡಿ. ಕಳ್ಳರೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡವ್ರೆ.”

ನೀರು ಕದ್ದರೆಂದು ದೂರು ಹೋಯಿತು. ಶ್ರೀನಿವಾಸಪುರದಿಂದ ದಫೇದಾರ ಬಂದ. ಜನರನ್ನು ಏರಿಯ ಮೇಲೆಯೇ ಕೂಡಿಸಿದ. ಚಿತ್ರ ಹಿಡಿದು ಒಂದೊಂದೇ ಮುಖಕ್ಕೆ ಹೋಲಿಸಿ ನೋಡಿದ.

“ತೂಬು ತೆಗೆದೋರು ಯಾರು?”

“ಚಿತ್ರದಾಗೆ ಇದ್ರೆ ಹಿಡ್ಕೊಳ್ರಿ ಸಾಮೀ,” ಎಂದಳು ವೆಂಕಟರತ್ನಮ್ಮ. “ನಾವಂತೂ ಸುಮ್ನೆ ನಿಂತಿದೀವಿ, ನೀವೇ ನೋಡ್ರಿ. ನಿಂತಲ್ಲೇ ನಿಂತೋರು ತೂಬು ಹೆಂಗೆ ತೆಗೀತಾರೆ?”

ದಫೇದಾರ ತಲೆ ಕೆರೆದುಕೊಂಡ. ಅವನಿಗೆ ಒಂದು ಯೋಚನೆ ಹೊಳೆಯಿತು. “ಹಂಗಾದ್ರೆ ಚಿತ್ರದಲ್ಲಿ ಇಲ್ಲದೋನು ತೆಗೆದಿರಬೇಕು. ಯಾರಿಲ್ಲ ಇದರಲ್ಲಿ?”

“ಸಾಹುಕಾರ್ರು ಸಾಮೀ!” ಎಂದಿತು ಇಡೀ ಏರಿ.

ಸಾಹುಕಾರರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ದಫೇದಾರನ ಮೀಸೆಯ ಕೆಳಗೂ ಏನೋ ಅಲುಗಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಮೊಕದ್ದಮೆ ನಗೆಯಲ್ಲೇ ತೇಲಿಹೋಗುತ್ತಿತ್ತೋ ಏನೋ. ಪಾಪಕ್ಕ ಗಂಡನಿಗೆ ಕಣ್ಣಲ್ಲೇ ಸುಮ್ಮನಿರು ಎಂದಳು. ಅವನಿಗೆ ಆಗಲಿಲ್ಲ. ಹುಟ್ಟಿದಾಗಿನಿಂದ ತಲೆ ತಗ್ಗಿಸಿಯೇ ಮಾತಾಡಿದವನು ರುಮಾಲನ್ನು ಕಂಕುಳಿಗೆ ತರದೆ, ತಲೆಯ ಮೇಲೆಯೇ ಇಟ್ಟುಕೊಂಡು ಮುಂದೆ ಬಂದ.

“ಅವರಲ್ಲ ಸಾಮೀ, ನಾನು. ನಾನು ನೀರೊಳಗಿದ್ದೆ, ಅದಕ್ಕೇ ಕಾಣ್ತಿಲ್ಲ. ಬೆಟ್ಟದ ಮರ ಅವರ್ದು ಅಂದ್ರು, ಆಯ್ತು ಅಂದ್ವಿ. ನಾವು ಹೊತ್ತು ಕಟ್ಟಿದ ಬಂಗ್ಲೆ ಅವರ್ದು, ಆಯ್ತು. ನೀರ ಮೇಲಿನ ನೆರಳೂ ಅವರ್ದು. ನಾನು ಮುಳುಗಿದ್ದೂ ಅವರೇ ಮುಳುಗಿದ್ದು ಅಂದ್ರೆ ನನಗೇನು ಉಳೀತು? ಅದೊಂದು ನಂದು ಸಾಮೀ. ನಾಳೇನೂ ಮುಳುಗ್ತೀನಿ.”

ನಗು ನಿಂತುಹೋಯಿತು. ದಫೇದಾರ ಹಗ್ಗ ತೆಗೆದ.

“ಹಗ್ಗ ಬ್ಯಾಡ ಸಾಮೀ. ನಡ್ಕೊಂಡೇ ಬರ್ತೀನಿ.”

“ಅವನನ್ನ ಆಮೇಲೆ ಎಳ್ಕೊಂಡು ಹೋಗಿ!” ಸಾಹುಕಾರರು ಕಿರುಚಿದರು. “ಮೊದ್ಲು ತೂಬು ಮುಚ್ಚಿಸಿ! ನೀರು ಹೋಗ್ತಾ ಐತೆ!”

ದಫೇದಾರ ಆವಲಪ್ಪನ ತೋಳು ಹಿಡಿದುಕೊಂಡೇ ಜನರ ಕಡೆ ತಿರುಗಿದ. “ಯಾರಾದ್ರೂ ಒಬ್ಬ ಇಳೀರೋ. ಇಳಿದು ಮುಚ್ರೋ.”

ತೂಬು ಮುಚ್ಚುವ ಹೊತ್ತು ಯಾವುದೆಂದು ಏರಿಯ ಮೇಲಿದ್ದವರಿಗೆಲ್ಲ ಗೊತ್ತಿತ್ತು. ಸಂಜೆ ಇನ್ನೂ ಆಗಿರಲಿಲ್ಲ. ದಫೇದಾರ ಇನ್ನೊಮ್ಮೆ ಕೂಗಿದ. ಸಾಹುಕಾರರು ಬೆತ್ತ ಬೀಸಿಕೊಂಡು ಈ ತುದಿಯಿಂದ ಆ ತುದಿಗೆ ಓಡಿದರು. ಪಾಪಕ್ಕನ ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬಂದಿತ್ತು, ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ವೆಂಕಟರತ್ನಮ್ಮನ ಮೂಗಿನ ಮೇಲೆ ಒಂದು ನೊಣ ಕೂತಿತ್ತು. ಅವಳು ಅದನ್ನು ಓಡಿಸಲಿಲ್ಲ.